ಹಾಡಿನಲ್ಲಿ ಬಿಟ್ಟ ಹೆಸರು

ಇಂಗ್ಲಿಷಿನ ಒಂದು ಶಬ್ದದ ಕತೆಯನ್ನು, ಆ ಭಾಷೆಯನ್ನು ಸಂಜೆ ಶಾಲೆಯಲ್ಲಿ ಅರ್ಧಂಬರ್ಧ ಕಲಿತವರು ಹೇಳಲು ಹೊರಡುವುದು ಸರಿಯಲ್ಲ. ಅದರ ಅರ್ಥ ಚೆನ್ನಾಗಿ ಬಲ್ಲ ದೊಡ್ಡವರು ಬೇಕಾದಷ್ಟು ಜನ ಇದ್ದಾರೆ. ಆದರೆ ಅವರಲ್ಲಿ ಯಾರೂ ದೋರನಹಳ್ಳಿಯ ಆ ಮದುವೆಗೆ ಬಂದಿರಲಿಲ್ಲ. ಆದ್ದರಿಂದ ಎಲ್ಲಾದರೂ ತಪ್ಪಿದರೆ ಹೊಟ್ಟೆಗೆ ಹಾಕಿಕೊಳ್ಳಬೇಕೆಂದು ಓದುವವರಿಗೆ ಮೊದಲೇ ಕೈಮುಗಿದು, ದ್ಯಾವಪ್ಪನ ಕತೆಯನ್ನು ತಿಳಿದಷ್ಟು ಹೇಳುವುದು.

ದ್ಯಾವಪ್ಪ ಶಹಾಪುರದ ತಹಸೀಲ ಕಚೇರಿಯಲ್ಲಿ ಜವಾನ. ದೋರನಹಳ್ಳಿಯ ಕೂಲಿ ಮನೆತನದವನು. ನಿಜಾಮರ ಕಾಲದಲ್ಲಿ ನಾಲ್ಕು ಅಕ್ಷರ ಉರ್ದು ಕಲಿತು ಆ ಕೆಲಸಕ್ಕೆ ಸೇರಿದ್ದ. ನಿಜಾಮರು ಹೋದರು. ಕೆಲವು ವರ್ಷಕ್ಕೆ ಹೈದರಾಬಾದೂ ದೂರವಾಗಿ ಈ ಸೀಮೆ ಮೈಸೂರು ರಾಜ್ಯಕ್ಕೆ ಸೇರಿತು. ಕಚೇರಿಯ ಕಪಾಟುಗಳಿಂದ ಉರ್ದು ಕಾಗದಗಳು ಇಳಿದು ಕನ್ನಡದವು ಏರಿದವು, ಅವುಗಳ ಬೆನ್ನಿಗೇ ಬೆಂಗಳೂರಿನಿಂದ ಇಂಗ್ಲಿಷ್ ಲಕೋಟೆಗಳು ಬಂದವು. ಮೇಲೆ ಬರೆದ ಹೆಸರು ಓದಲಾರದೆ ಯಾವ ಲಕೋಟೆ ಯಾರ ಮೇಜಿಗೆ ಎಂದು ಗೊತ್ತಾಗದೆ ದ್ಯಾವಪ್ಪ ಬಾಗಿಲಲ್ಲೇ ನಿಂತುಬಿಡುತ್ತಿದ್ದ. ಅಂಥವರಿಗಾಗಿಯೇ ಪ್ರಾಥಮಿಕ ಶಾಲೆಯ ಪಡಸಾಲೆಯಲ್ಲಿ ಸಂಜೆ ಶಾಲೆ ಶುರುವಾಯಿತು.

ಕಲಿಸಲು ಬಂದವರು ಚನ್ನಯ್ಯ ಮಾಸ್ತರು. ನಂಜನಗೂಡಿನ ಕಡೆಯವರು, ಇನ್ನೂ ಮೂವತ್ತು ತುಂಬದವರು. ಬಿಳಿ ಪಂಚೆ, ಮೆಲ್ಲನೆಯ ದನಿ. ಮೊದಲ ದಿನ ಹಾಜರಿ ಕೂಗುವಾಗ ಅವರು, "ದ್ಯಾವಪ್ಪನವರೇ, ಬಂದಿದ್ದೀರಾ?" ಎಂದರು. ದ್ಯಾವಪ್ಪ ಹಿಂದೆ ಯಾರಾದರೂ ಅದೇ ಹೆಸರಿನ ದೊಡ್ಡ ಮನುಷ್ಯರು ಕುಳಿತಿದ್ದಾರೇನೋ ಎಂದು ತಿರುಗಿ ನೋಡಿದ. ಹುಟ್ಟಿದಾಗಿನಿಂದ ಅವನು ದ್ಯಾವ್ಯಾ. ಕಚೇರಿಯಲ್ಲಿ ಬಹಳ ಮರ್ಯಾದೆ ಕೊಟ್ಟರೆ ದ್ಯಾವಪ್ಪ. "ದ್ಯಾವಪ್ಪನವರೇ" ಎನ್ನಿಸಿಕೊಂಡದ್ದು ಅದೇ ಮೊದಲು. ಅವತ್ತಿನಿಂದ ಅವನು ಒಂದು ದಿನವೂ ಶಾಲೆ ತಪ್ಪಿಸಲಿಲ್ಲ. ಪಾಠ ತಲೆಗೆ ಹತ್ತದಿದ್ದರೂ ಹಾಜರಿಗಾದರೂ ಬರುತ್ತಿದ್ದ.

ಮರುವರ್ಷ ಬೇಸಿಗೆಯ ಒಂದು ಸಂಜೆ ಪಾಠದಲ್ಲಿ ಆ ಶಬ್ದ ಬಂತು. ಮಾಸ್ತರು ಕರಿ ಹಲಗೆಯ ಮೇಲೆ ಇಂಗ್ಲಿಷಿನಲ್ಲಿ ಬರೆದು ಎರಡು ಸಲ ಓದಿದರು. ಜೋವಿಯಲ್.

"ತಾನೂ ಗೆಲುವಾಗಿದ್ದು, ಜೊತೆಯಲ್ಲಿರೋರನ್ನೂ ಗೆಲುವಾಗಿ ಇಡೋ ಸ್ವಭಾವ," ಎಂದರು. "ಅಂಥವರು ಬಂದು ಕೂತರೆ ನಾಲ್ಕು ಜನಕ್ಕೆ ಹಿತ."

"ಖುಷ್‌ಮಿಜಾಜ್ ಅನ್ರಿ," ಎಂದ ಮೌಲಾಲಿ. ಅವನು ಕಚೇರಿಯ ಹಳೆಯ ಉರ್ದು ಗುಮಾಸ್ತ, ದ್ಯಾವಪ್ಪನ ಗೆಳೆಯ. ಇಪ್ಪತ್ತು ವರ್ಷ ಉರ್ದು ಬರೆದ ಕೈಯಲ್ಲಿ ಈಗ ಬಳಪ ಹಿಡಿದು ಮುಂದಿನ ಸಾಲಿನಲ್ಲಿ ಕುಳಿತಿದ್ದ.

"ಸರಿಯಾಗಿ ಹೇಳಿದಿರಿ," ಎಂದು ಮಾಸ್ತರು ಅದನ್ನೂ ಪಕ್ಕದಲ್ಲಿ ಬರೆದರು.

"ಯಾರ್‍ಯಾರಿಗೆ ಅನಬಹುದ್ರಿ ಅದನ್ನ?" ಎಂದು ಹಿಂದಿನ ಸಾಲಿನವನೊಬ್ಬ ಕೇಳಿದ.

"ಮನುಷ್ಯರಿಗೆ ಹೇಳಬಹುದು. ಅವರ ಮಾತಿಗೆ, ನಗುವಿಗೆ, ಮುಖಕ್ಕೆ ಹೇಳಬಹುದು. ಒಂದು ಕೂಟಕ್ಕೂ ಹೇಳ್ತಾರೆ, ಹತ್ತು ಜನ ಸೇರಿ ಸಂತೋಷವಾಗಿದ್ದರೆ."

"ತಹಸೀಲ್ದಾರ ಸಾಹೇಬ್ರಿಗೆ ಅನಬಹುದೇನ್ರಿ?" ಎಂದ ಇನ್ನೊಬ್ಬ.

ಪಡಸಾಲೆ ನಕ್ಕಿತು. ಮಾಸ್ತರೂ ತುಟಿಯಲ್ಲಿ ನಕ್ಕರು. ದ್ಯಾವಪ್ಪನಿಗೆ ನಗುವುದಕ್ಕಿಂತ ಒಂದು ಸಂಶಯ ದೊಡ್ಡದಾಗಿತ್ತು. ಅವನ ಸ್ವಭಾವವೇ ಹಾಗೆ. ಒಂದು ಮಾತು ಕೊಟ್ಟರೆ ಅದನ್ನು ಎಲ್ಲಿ ಇಡಬೇಕು, ಎಲ್ಲಿ ಇಡಬಾರದು ಎಂದು ತಿಳಿಯುವ ತನಕ ಸಮಾಧಾನವಿಲ್ಲ. ಎದ್ದು ನಿಂತ.

"ಒಬ್ಬನ ಕುಂತಾಗೂ ಅಂವ ಜೋವಿಯಲ್ ಇರ್ತಾನೇನ್ರಿ ಸರ?"

ಮಾಸ್ತರು ಹಲಗೆಯ ಕಡೆ ತಿರುಗಿ ಆ ಶಬ್ದವನ್ನೇ ಸ್ವಲ್ಪ ಹೊತ್ತು ನೋಡಿದರು. "ಇಲ್ಲ ಅಂತ ಕಾಣುತ್ತೆ," ಎಂದರು. "ಒಬ್ಬನೇ ಇದ್ದಾಗ ಸಂತೋಷವಾಗಿರಬಹುದು. ಆದರೆ ಇದಕ್ಕೆ ಎದುರಿಗೆ ಇನ್ನೊಬ್ಬರು ಬೇಕು ದ್ಯಾವಪ್ಪನವರೇ. ಎದುರಿಗೆ ಇರೋರು ಹೋಗಿಬಿಟ್ಟರೆ ಆ ಸ್ವಭಾವ ಎಲ್ಲಿಗೆ ಹೋಗುತ್ತೋ ನನಗೂ ಗೊತ್ತಿಲ್ಲ."

"ಹಂಗಾರ ನಮ್ಮ ಅಂಬಣ್ಣ ಜೋವಿಯಲ್," ಎಂದ ಮೌಲಾಲಿ. ಅಂಬಣ್ಣನೆಂದರೆ ಬಸ್ಸು ನಿಲ್ಲುವಲ್ಲಿಯ ಚಹದಂಗಡಿಯವನು. "ಬೈದು ಬೈದು ನಗಸ್ತಾನ, ನಗಿಸಿ ನಗಿಸಿ ಚಾ ಮಾರತಾನ."

ಮಾಸ್ತರ ಮುಖ ಬಿಗಿಯಿತು. "ಬೈದರೆ ಅದು ಜೋವಿಯಲ್ ಅಲ್ಲ," ಎಂದರು. "ಬೇಜಾರು ಮಾಡ್ಕೋಬೇಡಿ. ಈ ಊರಿಗೆ ಬಂದು ಐದು ತಿಂಗಳಾಯಿತು. ಜಗಳ ಆಡೋರನ್ನ ದಿನಾ ನೋಡ್ತೀನಿ. ಆ ಪದಕ್ಕೆ ಸರಿಹೋಗೋರನ್ನ ಇನ್ನೂ ನೋಡಿಲ್ಲ."

ದ್ಯಾವಪ್ಪನಿಗೆ ಮಾತ್ರ ಮಾಸ್ತರ ಮನಸ್ಸಿನಲ್ಲಿ ಏನಿದೆ ಎಂದು ಗೊತ್ತಿತ್ತು. ಹಿಂದಿನ ವಾರ ಅವನು ಅದೇ ಚಹದಂಗಡಿಯ ಮುಂದೆ ನಿಂತಿದ್ದಾಗ ಮಾಸ್ತರು ಬಂದು ಒಂದು ಮೂಲೆಯಲ್ಲಿ ಕುಳಿತರು. ಅಂಬಣ್ಣ ಚಹದ ಕಪ್ಪನ್ನು ಅವರ ಮುಂದೆ ಕುಕ್ಕಿ, "ಏನ್ರಿ ಮಾಸ್ತರ, ಹೆಣಾ ಹೊತ್ತು ಬಂದವರಂಗ ಮಾರಿ ಮಾಡೀರಲ್ಲ! ಚಾ ಕುಡೀತೀರೋ, ಅದರಾಗ ಮಾರಿ ತೊಳ್ಕೋತೀರೋ?" ಎಂದು ಅಂಗಡಿಗೆಲ್ಲ ಕೇಳಿಸುವ ಹಾಗೆ ಕೇಳಿದ. ಮಾಸ್ತರು ಕಪ್ಪನ್ನು ಮುಟ್ಟದೆ ದುಡ್ಡು ಇಟ್ಟು ಎದ್ದು ಹೋದರು. ಅಂಬಣ್ಣ ಕೈಯಲ್ಲಿ ಅರಿವೆ ಹಿಡಿದು ಹಾಗೇ ನಿಂತ. "ಯಾಕಲೇ ದ್ಯಾವ್ಯಾ? ಏನಾಗ್ಯಾದಂತ ಕೇಳಿದ್ನೆಪ್ಪ ನಾ," ಎಂದ. ಅವನ ಬಾಯಲ್ಲಿ ಕೇಳುವುದೆಂದರೆ ಹಾಗೆಯೇ. ಅದನ್ನು ನಂಜನಗೂಡಿನವರಿಗೆ ತಿಳಿಸಿ ಹೇಳುವುದು ಹೇಗೆಂದು ದ್ಯಾವಪ್ಪನಿಗೆ ಹೊಳೆಯಲಿಲ್ಲ.

ಪಾಠ ಮುಗಿದ ಮೇಲೆ ಮೌಲಾಲಿ ದಾರಿಯಲ್ಲಿ ಒಂದು ಸುದ್ದಿ ಹೇಳಿದ. "ಮಾಸ್ತರ ವರ್ಗಾ ಕೇಳ್ಯಾರಂತ. ಯಾದಗಿರಿ ಸಾಲಿ ಖಾತೆ ದೊಡ್ಡ ಸಾಹೇಬ್ರ ಮುಂದ ಹೋಗಿ, ತಮ್ಮ ಕಡಿಗೆ ಕಳಸ್ರಿ ಅಂದಾರ. ಜೂನ್‌ದಾಗ ಹೋಗ್ತಾರ."

"ಮತ್ತ ಸಾಲಿ?"

"ಸಾಲಿ ಏನು, ಅವರಿಲ್ಲಂದ್ರ ಮುಚ್ಚತಾರ. ಯಾರ ಬರ್ತಾರ ಇಲ್ಲಿಗೆ, ನಮ್ಮಂಥ ಮುದಿ ಕ್ವಾಣಗಳಿಗೆ ಅಕ್ಷರ ಕಲಸಾಕ?"

ದ್ಯಾವಪ್ಪನಿಗೆ ಲಕೋಟೆಯ ಮೇಲಿನ ಹೆಸರು ಓದಲು ಆಗಲೇ ಬರುತ್ತಿತ್ತು, ಇನ್ನೊಂದು ವರ್ಷವಾದರೆ ಒಳಗಿನದೂ ಬರುತ್ತಿತ್ತೇನೋ. ಆದರೆ ಎದೆಗೆ ಕುಟುಕಿದ್ದು ಅದಲ್ಲ. ಮನುಷ್ಯ ಈ ಊರಿನ ಬಗ್ಗೆ ಅಂಥ ಅಭಿಪ್ರಾಯ ಕಟ್ಟಿಕೊಂಡು ಹೋಗಿಬಿಡುತ್ತಾನಲ್ಲ, ತನ್ನನ್ನು "ನವರೇ" ಎಂದು ಕರೆದ ಮನುಷ್ಯ ಒಂದು ದಿನವೂ ಹೊಟ್ಟೆ ತುಂಬ ನಗದೆ ಹೋಗುತ್ತಾನಲ್ಲ ಎನ್ನುವುದು.

ಆ ತಿಂಗಳಲ್ಲೇ ಅವನ ತಂಗಿ ಬಾಲಮ್ಮನ ಮದುವೆ. ಗಂಡಿನವರು ಸುರಪುರದವರು. ಮಾಸ್ತರನ್ನು ಮದುವೆಗೆ ಕರೆಯಬೇಕು, ನಮ್ಮ ಜನ ಸೇರಿದರೆ ಹೇಗಿರುತ್ತಾರೆಂದು ಒಮ್ಮೆ ಕಣ್ಣಾರೆ ನೋಡಲಿ ಎಂದು ದ್ಯಾವಪ್ಪ ಮನಸ್ಸು ಗಟ್ಟಿ ಮಾಡಿದ. ತಾಯಿ ಮರಿಲಿಂಗಮ್ಮ ಹಿಟ್ಟು ನಾದುತ್ತ ಒಂದೇ ಮಾತು ಕೇಳಿದಳು.

"ಅವರು ನಮ್ಮ ಮನಿಯಾಗ ಉಣ್ತಾರೇನೋ?"

"ಕೇಳೇನಿ ಯವ್ವಾ. ‘ನೀವು ಬಡಿಸಿದರೆ ಯಾಕೆ ಊಟ ಮಾಡಲ್ಲ?’ ಅಂದ್ರು."

ಮರಿಲಿಂಗಮ್ಮ ನಾದುವುದನ್ನು ನಿಲ್ಲಿಸಿದಳು, ಮತ್ತೆ ಮೊದಲಿಗಿಂತ ಜೋರಾಗಿ ನಾದಿದಳು.

ಕರೆಯುವುದೇನೋ ಕರೆದ. ಮದುವೆಯ ಹಿಂದಿನ ದಿನ ಅವನಿಗೆ ಭಯ ಹತ್ತಿತು. ಆ ಸೀಮೆಯ ಮದುವೆಯಲ್ಲಿ ಬೀಗರ ಹಾಡು ಇರುತ್ತದೆ. ಊಟಕ್ಕೆ ಪಂಕ್ತಿ ಕುಳಿತಾಗ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು, ಗಂಡಿನ ಕಡೆಯ ಹೆಂಗಸರು ಹೆಣ್ಣಿನ ಕಡೆಯವರನ್ನು ಹೆಸರು ಹಿಡಿದು ಹಾಡಿನಲ್ಲಿ ಜಾಡಿಸುತ್ತಾರೆ. ಮೂಗು, ಮೀಸೆ, ಹೊಟ್ಟೆ, ಜಿಪುಣತನ, ಯಾವುದನ್ನೂ ಬಿಡುವುದಿಲ್ಲ. ಎಷ್ಟು ಬೈಸಿಕೊಂಡರೆ ಅಷ್ಟು ಹತ್ತಿರದವನು. ಸುರಪುರದವರ ಕಡೆ ಮುಂದಾಳು ಮದುಮಗನ ಸೋದರತ್ತೆ ಹಣಮಂತಮ್ಮ. ಆಕೆ ಬಾಯಿ ತೆಗೆದರೆ ಗೌಡರು ಕೂಡ ಎಲೆಯ ಮೇಲೆ ತಲೆ ಬಗ್ಗಿಸುತ್ತಾರೆ ಎಂಬ ಹೆಸರಿತ್ತು. ಚಹದಂಗಡಿಯ ಒಂದು ಮಾತಿಗೆ ಎದ್ದು ಹೋದವರು ಇದಕ್ಕೆ ಏನಂದಾರು! ಉಣ್ಣುತ್ತಿದ್ದ ಎಲೆಯಿಂದ ಎದ್ದರೆ?

ಬೀಗರ ಗಾಡಿಗಳು ಬಂದು ನಿಂತು ಬೆಲ್ಲದ ನೀರು ಕೊಟ್ಟದ್ದೇ ತಡ, ದ್ಯಾವಪ್ಪ ಹಣಮಂತಮ್ಮನನ್ನು ಬೇವಿನ ಮರದ ಹಿಂದೆ ಕರೆದ.

"ಯಕ್ಕಾ, ಒಂದು ಮಾತು. ನನ್ನ ಬೈಯ್ರಿ, ನಮ್ಮಪ್ಪನ್ನ ಬೈಯ್ರಿ, ಸತ್ತ ನಮ್ಮ ಮುತ್ಯಾನ್ನೂ ಬೈಯ್ರಿ. ಅಲ್ಲಿ ಬಿಳಿ ಪಂಚಿ ಉಟ್ಟವರು ನಮ್ಮ ಮಾಸ್ತರ. ಅವರೊಬ್ಬರನ್ನ ಬಿಟ್ಟುಬಿಡ್ರಿ."

ಹಣಮಂತಮ್ಮ ಅವನನ್ನು ಮೇಲಿಂದ ಕೆಳಗೆ ನೋಡಿದಳು. "ಪಂಕ್ತ್ಯಾಗ ಕುಂತವನ್ನ ಬಿಡೂದಂದ್ರ? ಏನು, ಮನಿಯಾಗ ಯಾರರ ಸತ್ತಾರೇನು?"

ಅದು ಆಕೆ ಸುಮ್ಮನೆ ಕೇಳಿದ್ದಲ್ಲ. ಹಾಡಿನಲ್ಲಿ ಹೆಸರು ಬಿಡುವುದಕ್ಕೆ ಅವರಲ್ಲಿ ಇದ್ದದ್ದು ಅದೊಂದೇ ಕಾರಣ. ಸಾವಿನ ದುಃಖ ಇನ್ನೂ ಹಸಿಯಾಗಿರುವವರು ಮದುವೆಗೆ ಬಂದರೆ ಅವರ ಹೆಸರನ್ನು ಯಾರೂ ಎತ್ತುವುದಿಲ್ಲ. ಅವರು ಅಕ್ಷತೆಯ ಅಕ್ಕಿಕಾಳು ಹಾಕಿ, ಸುಮ್ಮನೆ ಉಂಡು ಹೋಗುತ್ತಾರೆ.

ದ್ಯಾವಪ್ಪನಿಗೆ ಅದು ಗೊತ್ತಿತ್ತು. ಹೌದು ಎಂದರೆ ಸುಳ್ಳು. ಅಲ್ಲ ಎಂದರೆ ಈಕೆ ಬಿಡುವವಳಲ್ಲ. ಅವನು ಎರಡನ್ನೂ ಅನ್ನದೆ ನೆಲ ನೋಡುತ್ತ ನಿಂತ. ಹಣಮಂತಮ್ಮನ ಮುಖ ಮೆತ್ತಗಾಯಿತು. "ಮೊದಲ ಹೇಳಬಾರದೇನೋ ತಮ್ಮಾ," ಎಂದು ಸೆರಗಿನಿಂದ ಬಾಯಿ ಒರೆಸಿಕೊಂಡು ಹೋದಳು.

ಅಕ್ಕಿಕಾಳು ಬಿದ್ದು ಪಂಕ್ತಿ ಕುಳಿತಿತು. ಹಾಡು ಎದ್ದಿತು. ಮೊದಲು ದೋರನಹಳ್ಳಿಯವರು ಮದುಮಗನ ಕಾಕನನ್ನು ಹಿಡಿದರು.

"ಸುರಪುರದ ಬೀಗ ಕುದುರಿ ತಂದೇನಂದ
ತಿರುಗಿ ನೋಡಿದರ ಕತ್ತೀಯ ಬಾಲವ್ವ ಸೋ"

ಕಾಕ ಮೀಸೆಯ ಮೇಲೆ ಕೈ ಹಾಕಿ, "ಬಾಲರ ಅದಲ್ಲ, ನಿಮ್ಮೂರ ಕತ್ತಿಗಿ ಅದೂ ಇಲ್ಲ!" ಎಂದು ಕೂಗಿದ. ಚಪ್ಪರ ಹಾರಿಹೋಗುವಂತೆ ನಗು. ಹಣಮಂತಮ್ಮ ಗಂಟಲು ಸರಿಮಾಡಿಕೊಂಡು ಎದ್ದಳು.

"ಮೌಲಾಲಿ ಸಾಬ ಹಪ್ಪಳ ಮುಟ್ಟಿಲ್ಲಂದ
ಮೀಸೀಗಿ ಎಣ್ಣಿ ಸಾಕ್ಷಿ ಹೇಳ್ಯಾದವ್ವ ಸೋ"

ಮೌಲಾಲಿ ಎದ್ದು ನಿಂತು ಮೀಸೆಯನ್ನು ಎರಡೂ ಕೈಯಲ್ಲಿ ಮುಚ್ಚಿಕೊಂಡು, "ಮಾಫ್ ಮಾಡು ಯಕ್ಕಾ, ಇನ್ನೆರಡ ಹಪ್ಪಳಾ ಹಾಕ್ಸು, ಜುರ್ಮಾನಾ ಅಂತ ತಿಂತೀನಿ," ಎಂದ. ಮುಂದಿನದು ದ್ಯಾವಪ್ಪನಿಗೆ.

"ಕಚೇರಿ ದ್ಯಾವಪ್ಪ ನಗಬೇಕಂದ್ರ ಹುಕುಂ ಬೇಕ
ಸಾಹೇಬನ ಸಹಿ ಇನ್ನೂ ಬಂದಿಲ್ಲವ್ವ ಸೋ"

ಅವನು ಕಿವಿಯ ತನಕ ಕೆಂಪಾದ. ಬಕೆಟ್ಟು ಹಿಡಿದು ಬಡಿಸುತ್ತಿದ್ದವನು ಮಾಸ್ತರ ಕಡೆ ಕಣ್ಣು ಹಾಯಿಸಿದ. ಮಾಸ್ತರು ನಗುತ್ತಿದ್ದರು. ಹಲ್ಲು ಕಾಣುವ ಹಾಗೆ ಅವರು ನಕ್ಕದ್ದನ್ನು ಅವನು ಅದೇ ಮೊದಲು ನೋಡಿದ್ದು. ಆಚೆ ಈಚೆ ಕುಳಿತವರನ್ನು ಕೇಳಿ ಕೇಳಿ ಹಾಡಿನ ಅರ್ಥ ಮಾಡಿಕೊಳ್ಳುತ್ತಿದ್ದರು. ಎಡಕ್ಕೆ ಕುಳಿತವನ ಹೆಸರು ಬಂತು, ಬಲಕ್ಕೆ ಕುಳಿತವನದು ಬಂತು. ನಡುವೆ ಕುಳಿತ ಮಾಸ್ತರು ಇನ್ನು ತಮ್ಮದೇ ಎನ್ನುವಂತೆ ಸ್ವಲ್ಪ ನೆಟ್ಟಗಾದರು, ಎಲೆಯ ಮೇಲಿಂದ ಕೈ ತೆಗೆದರು. ಹಾಡು ಅವರನ್ನು ದಾಟಿ ಮುಂದೆ ಹೋಯಿತು. ಇನ್ನೊಂದು ಸುತ್ತು ಬಂದಾಗಲೂ ದಾಟಿ ಹೋಯಿತು. ಅವರ ಮುಖದ ಮೇಲಿನ ನಗು ಸ್ವಲ್ಪ ಹೊತ್ತು ಹಾಗೇ ಉಳಿದು, ಆಮೇಲೆ ಅಳಿಸಿಹೋಯಿತು. ಅವರು ತಲೆ ಬಗ್ಗಿಸಿ ಅನ್ನ ಕಲಸತೊಡಗಿದರು.

ದ್ಯಾವಪ್ಪನ ಕೈಯಲ್ಲಿದ್ದ ಬಕೆಟ್ಟು ಭಾರವಾಯಿತು. ಬೈಗುಳದಿಂದ ಕಾಪಾಡಲು ಹೋಗಿ ತಾನು ಮಾಡಿದ್ದೇನು? ಇಡೀ ಪಂಕ್ತಿಯಲ್ಲಿ ಹೊರಗಿನವನು ಒಬ್ಬನೇ ಒಬ್ಬ ಎಂದು ಬೆರಳು ಮಾಡಿ ತೋರಿಸಿದಂತಾಯಿತು.

ಅಷ್ಟರಲ್ಲಿ ಇನ್ನೊಂದು ಅನಾಹುತ ಶುರುವಾಗಿತ್ತು. ಹೆಸರು ಬಿಟ್ಟದ್ದನ್ನು ಎಲ್ಲರೂ ಗಮನಿಸಿದ್ದರು, ಏಕೆ ಬಿಡುತ್ತಾರೆಂಬುದು ಎಲ್ಲರಿಗೂ ಗೊತ್ತಿತ್ತು. ಮಾಸ್ತರ ಸುತ್ತ ದನಿಗಳು ತಗ್ಗಿದವು. ಪಕ್ಕದವನು ತನ್ನ ಎಲೆಯ ಹೋಳಿಗೆಯನ್ನು ಅವರ ಎಲೆಗೆ ಸರಿಸಿದ. ತುಪ್ಪದವನು ಕೇಳದೆಯೇ ಎರಡು ಸಲ ಹಾಕಿದ. ಮುದುಕನೊಬ್ಬ ಹಿಂದಿನಿಂದ ಹಾಯುವಾಗ ಅವರ ಭುಜ ಒತ್ತಿ ಹೋದ. ಮಾಸ್ತರು ಏನೂ ಅರ್ಥವಾಗದೆ ಒಬ್ಬೊಬ್ಬರ ಮುಖ ನೋಡುತ್ತಿದ್ದರು. ಮರಿಲಿಂಗಮ್ಮ ಒಲೆಯ ಮುಂದಿನಿಂದ ಎದ್ದು, ಕೈ ತೊಳೆದು, ಅವರ ಕಡೆ ನಡೆದದ್ದನ್ನು ದ್ಯಾವಪ್ಪ ಕಂಡ. ಬಕೆಟ್ಟನ್ನು ಅಲ್ಲೇ ಬಿಟ್ಟು, "ಯವ್ವಾ, ನಿಂದ್ರು" ಎನ್ನುತ್ತ ಓಡಿದ. ಅವನು ತಲುಪುವಷ್ಟರಲ್ಲಿ ಆಕೆ ಮಾಸ್ತರ ಎದುರಿಗೆ ಕುಕ್ಕರುಗಾಲಲ್ಲಿ ಕುಳಿತಾಗಿತ್ತು.

"ಯಾರು ಹೋದರಪ್ಪಾ?" ಎಂದಳು.

ಮಾಸ್ತರು ಆಕೆಯನ್ನು ನೋಡಿದರು.

"ನಮ್ಮಕ್ಕ," ಎಂದರು. "ಹೋದ ತಿಂಗಳು. ನಿಮಗೆ ಯಾರು ಹೇಳಿದರಮ್ಮ?"

ದ್ಯಾವಪ್ಪ ನಿಂತಲ್ಲೇ ನಿಂತ.

"ಯಾರು ಹೇಳಬೇಕಪ್ಪ? ಮಾರಿ ಮ್ಯಾಲೆ ಅದಲ್ಲ," ಎಂದಳು ಮರಿಲಿಂಗಮ್ಮ. ಆಕೆಗೂ ಹಣಮಂತಮ್ಮನ ಬಾಯಿಂದ ಈಗಷ್ಟೇ ತಿಳಿದಿತ್ತು. ಆದರೆ ಆಕೆ ಹೇಳಿದ್ದೂ ಸುಳ್ಳಲ್ಲ.

"ತಾಯಿ ಇರಲಿಲ್ಲ. ಅಕ್ಕನೇ ಸಾಕಿದ್ದು. ಸುದ್ದಿ ಇಲ್ಲಿಗೆ ಬರೋ ಹೊತ್ತಿಗೆ ಎಲ್ಲಾ ಮುಗಿದುಹೋಗಿತ್ತು. ಹೋಗಿ ಏನು ಮಾಡೋದು ಅಂತ..." ಮಾಸ್ತರು ಎಂಜಲು ಕೈಯನ್ನು ಎಲೆಯ ಮೇಲೆ ಹಾಗೇ ಇಟ್ಟುಕೊಂಡು, ಎಡಗೈಯಿಂದ ಕಣ್ಣು ಒತ್ತಿಕೊಂಡರು. ಮರಿಲಿಂಗಮ್ಮ ಅವರ ತಲೆಯ ಮೇಲೆ ಕೈ ಇಟ್ಟಳು. ಪಂಕ್ತಿಯಲ್ಲಿ ಯಾರೂ ಉಣ್ಣಲಿಲ್ಲ, ಯಾರೂ ಅವರನ್ನು ನೋಡಲಿಲ್ಲ. ಎಲ್ಲರೂ ತಮ್ಮ ತಮ್ಮ ಎಲೆ ನೋಡುತ್ತ ಅವರ ಅಳು ಮುಗಿಯುವ ತನಕ ಕಾದರು.

ಒಂದು ತಿಂಗಳು! ದ್ಯಾವಪ್ಪ ಲೆಕ್ಕ ಹಾಕಲು ಹೋಗಿ ಹೆದರಿ ಬಿಟ್ಟ. ದಿನವೂ ಸಂಜೆ ಎದುರಿಗೆ ಕುಳಿತು ಪಾಠ ಕೇಳಿದವರು ತಾವು. ಒಬ್ಬರೂ ಕೇಳಲಿಲ್ಲ. ಕೇಳಿದವನು ಅಂಬಣ್ಣನೊಬ್ಬ, ಅವನು ಕೇಳಿದ ರೀತಿ ಇವರಿಗೆ ತಿಳಿಯಲಿಲ್ಲ.

ಸ್ವಲ್ಪ ಹೊತ್ತಿಗೆ ಮಾಸ್ತರು ಮೂಗು ಒರೆಸಿಕೊಂಡು, ತಲೆ ಎತ್ತಿ, ದ್ಯಾವಪ್ಪನನ್ನು ಕಂಡು ಹೇಳಿದರು. "ಅವತ್ತು ನೀವು ಕೇಳಿದಿರಲ್ಲ ದ್ಯಾವಪ್ಪನವರೇ, ಒಬ್ಬನೇ ಕೂತಾಗಲೂ ಇರುತ್ತಾ ಅಂತ. ನಾನು ಅವಳನ್ನೇ ನೆನೆಸಿಕೊಂಡಿದ್ದೆ. ಆ ಪದ ಅವಳದೇ. ಅವಳು ಬಂದರೆ ಬೀದಿಗೆ ಬೀದಿಯೇ ನಗೋದು." ಆಮೇಲೆ, "ಅವಳೂ ಬೈದೇ ನಗಿಸೋಳು. ನನ್ನನ್ನಂತೂ ಕತ್ತೆ ಅನ್ನದೆ ಊಟಕ್ಕೆ ಕರೀತಿರಲಿಲ್ಲ. ಬೈದರೆ ಅದು ಅಲ್ಲ ಅಂತ ನಿಮಗೆ ತಪ್ಪು ಪಾಠ ಹೇಳಿಬಿಟ್ಟೆ," ಎಂದರು.

ಹಣಮಂತಮ್ಮ ಅಷ್ಟೂ ಹೊತ್ತು ಚಪ್ಪರದ ಕಂಬ ಹಿಡಿದು ನಿಂತಿದ್ದಳು. ಈಗ ಮುಂದೆ ಬಂದು ಮಾಸ್ತರ ಎಡಗೈಯಲ್ಲಿ ಎಲೆ ಅಡಿಕೆ ಇಟ್ಟಳು.

"ಹಾಡಲೇನು?" ಎಂದಳು.

ಮಾಸ್ತರು ದ್ಯಾವಪ್ಪನ ಕಡೆ ನೋಡಿದರು. ದ್ಯಾವಪ್ಪ ಬಗ್ಗಿ ಅವರ ಕಿವಿಯ ಹತ್ತಿರ, ಕಚೇರಿಯಲ್ಲಿ ಸಾಹೇಬರಿಗೆ ತಿಳಿಸುವಷ್ಟೇ ಎಚ್ಚರದಿಂದ ತಿಳಿಸಿದ. "ದುಃಖದಾಗ ಇದ್ದವರ ಹೆಸರು ಎತ್ತಂಗಿಲ್ರಿ ಸರ. ಅವರು ಹೂಂ ಅಂದ್ರ ಒಂದ ನುಡಿ ಹಾಡತಾರ. ಅಲ್ಲಿಂದ ಅವರು ಮತ್ತ ನಾಕು ಮಂದ್ಯಾಗ ಬಂದಂಗ. ಬೈತಾರ್‍ರಿ ಆದ್ರ. ಭಾಳ ಬೈತಾರ. ಬ್ಯಾಡಂದ್ರ ಬ್ಯಾಡನ್ರಿ, ಯಾರೂ ಏನೂ ಅನ್ನಂಗಿಲ್ಲ."

ಮಾಸ್ತರು ಕೈಯಲ್ಲಿದ್ದ ಎಲೆ ಅಡಿಕೆಯನ್ನು ಬಹಳ ಹೊತ್ತು ನೋಡಿದರು. ಆಮೇಲೆ ಅವರು ಹೂಂ ಎಂದರು.

ಹಣಮಂತಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿದಳು.

"ಮೈಸೂರ ಮಾಸ್ತರ ಖಡಕ ರೊಟ್ಟಿ ಕಂಡಾನ
ಪಾಟಿ ಅಂತ ತಿಳದು ಬಳಪ ಹುಡುಕ್ಯಾನವ್ವ ಸೋ"

ಮಾಸ್ತರು ಎಲೆಯ ತುದಿಯಲ್ಲಿ ಮುರಿಯದೆ ಬಿಟ್ಟಿದ್ದ ಜೋಳದ ರೊಟ್ಟಿಯನ್ನು ನೋಡಿದರು. ಅದು ನಿಜವಾಗಿಯೂ ಮಕ್ಕಳು ಬರೆಯುವ ಪಾಟಿಯ ಹಾಗೆಯೇ ಇತ್ತು. ಅವರ ಗಂಟಲಿನಿಂದ ಕೆಮ್ಮಿನಂಥ ಒಂದು ಸದ್ದು ಬಂತು. ಅಳುವೋ ನಗುವೋ ತಿಳಿಯುವ ಮೊದಲೇ ಹಣಮಂತಮ್ಮ ಎರಡನೆಯ ನುಡಿ ಎತ್ತಿದಳು. ಒಂದೇ ನುಡಿ ಎಂಬ ಪದ್ಧತಿಯನ್ನು ಆಕೆ ಅವತ್ತು ಮುರಿದಳು.

"ಅಕ್ಕ ಇಲ್ಲದಂವ ಅನಬ್ಯಾಡ್ರೆ ಮಾಸ್ತರಗ
ಬಯ್ಯಾಕ ಸುರಪುರದಾಗ ಒಬ್ಬಾಕಿ ಅದಾಳವ್ವ ಸೋ"

ಮಾಸ್ತರು ರೊಟ್ಟಿಯನ್ನು ಎರಡೂ ಕೈಯಲ್ಲಿ ಹಿಡಿದು ಎತ್ತಿ, "ಬಳಪ ಎಲ್ಲಿದೆ, ಕೊಡಿ ಅಕ್ಕಾ, ಬರೀತೀನಿ!" ಎಂದರು. ಮೌಲಾಲಿ ಮೊದಲು ನಕ್ಕ. ಆಮೇಲೆ ಇಡೀ ಪಂಕ್ತಿ ನಕ್ಕಿತು. ಮಾಸ್ತರ ಕಣ್ಣಿಂದ ನೀರು ಇಳಿಯುತ್ತಲೇ ಇತ್ತು, ಅವರು ಅದನ್ನು ಒರೆಸಿಕೊಳ್ಳಲು ಹೋಗಲಿಲ್ಲ. ಮರಿಲಿಂಗಮ್ಮ ಆ ರೊಟ್ಟಿಯನ್ನು ಅವರ ಕೈಯಿಂದ ಕಸಿದು, ಮುರಿದು, ಪುಂಡಿ ಪಲ್ಯದಲ್ಲಿ ಹೊರಳಿಸಿ ಎಲೆಗೆ ಹಾಕಿದಳು. "ತಿನ್ನು. ಪಾಟಿಯಂತ ಪಾಟಿ," ಎಂದಳು. ಮಗನ ಮಾಸ್ತರಿಗೆ ಏಕವಚನ ಹಚ್ಚಿದ್ದು ಆಕೆಗೆ ಗೊತ್ತಾಗಲೂ ಇಲ್ಲ. ಗೊತ್ತಾದ ದ್ಯಾವಪ್ಪ ಎದೆ ಹಿಡಿದುಕೊಂಡ. ಮಾಸ್ತರು ತಿಂದರು.

ಸಂಜೆ ಶಹಾಪುರಕ್ಕೆ ಮರಳುವ ಗಾಡಿಯಲ್ಲಿ ಮೌಲಾಲಿ, ಮಾಸ್ತರು, ಅವರನ್ನು ಬಿಟ್ಟುಬರಲು ಹೊರಟ ದ್ಯಾವಪ್ಪ ಮೂವರೇ. ದ್ಯಾವಪ್ಪನಿಗೆ ಹೊಟ್ಟೆಯಲ್ಲಿಟ್ಟುಕೊಂಡದ್ದು ತಡೆಯಲಿಲ್ಲ. ತಾನೇ ಹಣಮಂತಮ್ಮನಿಗೆ ಹೇಳಿ ಹೆಸರು ಬಿಡಿಸಿದ್ದು, ಸಾವಿನ ಸುದ್ದಿ ತನಗೆ ಗೊತ್ತಿರಲಿಲ್ಲ, ಸುಮ್ಮನೆ ನೆಲ ನೋಡಿ ನಿಂತದ್ದರಿಂದ ಹೀಗಾಯಿತು ಎಂದು ತೊದಲುತ್ತ ಎಲ್ಲ ಹೇಳಿದ. "ತಪ್ಪಾತ್ರಿ ಸರ. ನೀವು ಎದ್ದು ಹೋಗತೀರಂತ ಅಂಜಿದ್ದೆ."

"ಎದ್ದು ಹೋಗ್ತಿದ್ದೆನೋ ಏನೋ," ಎಂದರು ಮಾಸ್ತರು. "ನನ್ನನ್ನ ದಾಟಿ ಹೋದಾಗ ಮಾತ್ರ, ಎರಡು ಮಾತು ಬೈಯಬಾರದಾ ಇವರು ಅನ್ನಿಸ್ತು."

"ಅದಕ್ಕೇನ್ ಬರಗಾಲ ಅದ ಬಿಡ್ರಿ," ಎಂದ ಮೌಲಾಲಿ. "ನಾಳಿಂದ ನಾ ಬೈತೀನಿ. ಫುಕಟ್."

ಮಾಸ್ತರು ಅವನ ಕಡೆ ತಿರುಗಿದರು. "ನೀವು ಮೊದಲು ಮೀಸೆ ತೊಳ್ಕೊಳ್ಳಿ ಮೌಲಾಲಿ ಸಾಹೇಬರೇ, ಎಣ್ಣೆ ಇನ್ನೂ ಸಾಕ್ಷಿ ಹೇಳ್ತಾ ಇದೆ," ಎಂದರು. ಅಷ್ಟು ಸಾವಕಾಶವಾಗಿ, ಅಷ್ಟು ಮರ್ಯಾದೆಯಿಂದ ಅಂದದ್ದರಿಂದ ಮೌಲಾಲಿಗೆ ಅದು ಚೇಷ್ಟೆಯೆಂದು ತಿಳಿಯಲು ಸ್ವಲ್ಪ ಹೊತ್ತು ಹಿಡಿಯಿತು. ತಿಳಿದ ಮೇಲೆ ಅವನು ಗಾಡಿಯ ಹಲಗೆ ಬಡಿದು ಬಡಿದು ನಕ್ಕ.

ಜೂನ್ ಬಂತು. ಮೊದಲ ಮಳೆ ಬಿದ್ದು ಎರೆ ಹೊಲಗಳ ವಾಸನೆ ಊರಿಗೆ ಹರಡಿದ ದಿನ ಮಾಸ್ತರು ಯಾದಗಿರಿಯ ಬಸ್ಸು ಹತ್ತಿದರು, ದೊಡ್ಡ ಸಾಹೇಬರನ್ನು ಕಾಣಲೆಂದೇ ಹೋದರೆಂದು ಎಲ್ಲರೂ ತಿಳಿದರು. ಕೈಯಲ್ಲಿ ಒಂದು ಚೀಲ ಇತ್ತು. ಅದನ್ನು ಕಂಡು ದ್ಯಾವಪ್ಪನಿಗೆ ಅವತ್ತು ಕಚೇರಿಯಲ್ಲಿ ಯಾವ ಕೆಲಸವೂ ಸಾಗಲಿಲ್ಲ. ಸಂಜೆ ಶಾಲೆಯ ಪಡಸಾಲೆಯನ್ನು ತಾನೇ ಗುಡಿಸಿದ, ಕಂದೀಲಿನ ಗಾಜು ಒರೆಸಿದ. ಒಬ್ಬೊಬ್ಬರಾಗಿ ಬಂದರು. ಎಲ್ಲರೂ ದಾರಿ ನೋಡುತ್ತ ಕುಳಿತರು. ಯಾದಗಿರಿಯ ಬಸ್ಸು ಬಂದು ಹೋದ ಸದ್ದು ಕೇಳಿತು. ಸ್ವಲ್ಪ ಹೊತ್ತಿಗೆ ಮಾಸ್ತರು ಕೆಸರಾದ ಪಂಚೆಯನ್ನು ಎತ್ತಿ ಹಿಡಿದು ಒಳಗೆ ಬಂದರು. ಚೀಲದಲ್ಲಿ ಬಳಪದ ಡಬ್ಬಿಗಳು ಇದ್ದವು. ಹಾಜರಿ ಕೂಗಿದರು. ದ್ಯಾವಪ್ಪ "ಹಾಜರ್ರಿ" ಎಂದ. ಪಾಠ ನಡೆಯಿತು.

ಅವರು ಆಮೇಲೆ ಮೂರು ವರ್ಷ ಶಹಾಪುರದಲ್ಲಿದ್ದರು. ಯಾದಗಿರಿಯಲ್ಲಿ ಅವತ್ತು ಏನಾಯಿತೆಂದು ಅವರು ಹೇಳಲಿಲ್ಲ. ವರ್ಗ ಬೇಡವೆಂದು ಕೇಳಿಕೊಂಡರೋ, ಸಾಹೇಬರೇ ಆಗದು ಎಂದರೋ, ಬಳಪ ತರಲೆಂದಷ್ಟೇ ಹೋಗಿದ್ದರೋ ತಿಳಿಯದು. ಕೇಳಿದರೆ ಎಲ್ಲಿ ಅವರಿಗೆ ಊರು ಬಿಡುವುದು ನೆನಪಾದೀತೋ ಎಂದು ದ್ಯಾವಪ್ಪ ಒಮ್ಮೆಯೂ ಕೇಳಲಿಲ್ಲ. ಮದುವೆಯ ದಿನ ಅವರು ನಕ್ಕದ್ದು ನಿಜವಾದ ನಗುವೋ, ಅಷ್ಟು ಜನರ ಮನಸ್ಸು ನೋಯಿಸಬಾರದೆಂದು ನಕ್ಕದ್ದೋ, ಅದು ಅವನಿಗೆ ಅವತ್ತೂ ಗೊತ್ತಾಗಲಿಲ್ಲ, ಇವತ್ತಿಗೂ ಯಾರಿಗೂ ಗೊತ್ತಿಲ್ಲ.